ತೆರೆಯ ಮೇಲಣ ಬೆಂಕಿ, ತೆರೆಯ ಹಿಂದಣ ಲೆಕ್ಕ

ಬೆಂಕಿಯನ್ನುಗುಳುವ ಮಹಾಸರ್ಪವೊಂದು ಆಕಾಶದಿಂದೆರಗಿ, ಧಾನ್ಯ ತುಂಬಿದ ಬಂಡಿಗಳ ಸಾಲನ್ನೂ ಅವುಗಳ ಕಾವಲಿಗಿದ್ದ ಸೈನ್ಯವನ್ನೂ ಕ್ಷಣಾರ್ಧದಲ್ಲಿ ಬೂದಿ ಮಾಡುವ ದೃಶ್ಯವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಮಧ್ಯಯುಗದ ಯೂರೋಪನ್ನು ಹೋಲುವ ಕಲ್ಪಿತ ಲೋಕವೊಂದರ ಕಥೆಯನ್ನು ಹೇಳುವ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅಮೆರಿಕದ ಧಾರಾವಾಹಿಯಲ್ಲಿ, 2017ರ ಆಗಸ್ಟ್ ತಿಂಗಳಲ್ಲಿ ಪ್ರಸಾರವಾದ ‘ದಿ ಸ್ಪಾಯಿಲ್ಸ್ ಆಫ್ ವಾರ್’ ಎಂಬ ಕಂತು ಅದು. ಅದನ್ನು ಕುರಿತು ಮಾತು ಬಂದಾಗ ವಿಜ್ಞಾನದ ವಿದ್ಯಾರ್ಥಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಅಷ್ಟು ತೂಕದ ಪ್ರಾಣಿ ಹಾರಬಲ್ಲುದೆ? ಜೀವಿಯೊಂದರ ಒಡಲಿನಲ್ಲಿ ಬೆಂಕಿ ಹುಟ್ಟಬಲ್ಲುದೆ? ಎರಡಕ್ಕೂ ಉತ್ತರ ‘ಇಲ್ಲ’ ಎಂಬುದೇ. ಇಲ್ಲದ ಪ್ರಾಣಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ.

ನಿಜವಾಗಿ ಬೆರಗುಗೊಳ್ಳಬೇಕಾದುದು ಬೇರೊಂದು ಸಂಗತಿಗೆ. ಸರ್ಪ ಕಲ್ಪಿತವಾದರೂ ಬೆಂಕಿಯೆಲ್ಲವೂ ಕಲ್ಪಿತವಾಗಿರಲಿಲ್ಲ. ಸ್ಪೇನ್ ದೇಶದ ಬಯಲೊಂದರಲ್ಲಿ ಚಿತ್ರಿತವಾದ ಆ ಯುದ್ಧದಲ್ಲಿ, ಒಂದೇ ದೃಶ್ಯಕ್ಕಾಗಿ ಇಪ್ಪತ್ತು ಮಂದಿ ಸಾಹಸಿಗಳಿಗೆ ಏಕಕಾಲದಲ್ಲಿ ಬೆಂಕಿ ಹಚ್ಚಲಾಯಿತು. ಇಪ್ಪತ್ತು ಮಂದಿಯೂ ಉರಿಯುತ್ತಲೇ ಓಡಿದರು, ಬಿದ್ದರು, ಎದ್ದು ಮನೆಗೆ ಹೋದರು. ಇದು ಹೇಗೆ ಸಾಧ್ಯವಾಯಿತು?

ನೀರಿನಿಂದ. ಇಂಥ ಸಾಹಸಿಗಳು ಒಳಗೆ ಹಲವು ಪದರಗಳ ಬಟ್ಟೆ ತೊಟ್ಟು, ಅವನ್ನೂ ಮೈಯ ಚರ್ಮವನ್ನೂ ತಣ್ಣನೆಯ ಲೋಳೆಯಂಥ ದ್ರವ್ಯದಿಂದ ತೋಯಿಸಿಕೊಳ್ಳುತ್ತಾರೆ. ಆ ಲೋಳೆಯ ಬಹುಭಾಗ ನೀರೇ. ಹರಿದುಹೋಗದಂತೆ ಅದನ್ನು ಮಂದಗೊಳಿಸಿರುತ್ತಾರೆ, ಅಷ್ಟೆ. ಒಂದು ಗ್ರಾಮ್ ತಣ್ಣೀರು ಕುದಿಯುವ ಮಟ್ಟಕ್ಕೆ ಏರಲು ಸುಮಾರು 100 ಕ್ಯಾಲರಿ ಶಾಖ ಬೇಕು. ಆವಿಯಾಗಿ ಮಾರ್ಪಡಲು ಮತ್ತೂ 540 ಕ್ಯಾಲರಿ ಬೇಕು. ಈ ಗುಪ್ತೋಷ್ಣವೇ ಅವರ ಕವಚ. ಹೊರಗಿನ ಉಡುಪಿಗೆ ಸವರಿದ ಇಂಧನ ಉರಿಯುತ್ತಿರುವಷ್ಟು ಕಾಲ ಶಾಖವನ್ನು ನೀರು ನುಂಗುತ್ತಿರುತ್ತದೆ. ಆದರೆ ಕವಚಕ್ಕೆ ಅವಧಿಯುಂಟು. ನೀರು ಆವಿಯಾಗತೊಡಗಿದರೆ ಆ ಆವಿಯೇ ಒಳಗಿನವನನ್ನು ಬೇಯಿಸುವುದು. ಆದಕಾರಣ ಎಷ್ಟು ಸೆಕೆಂಡು ಉರಿಯಬೇಕು, ಎಲ್ಲಿ ಬೀಳಬೇಕು, ಯಾರು ನಂದಿಸಬೇಕು ಎಂಬುದೆಲ್ಲ ಮುಂಚಿತವಾಗಿಯೇ ಗೊತ್ತಾಗಿರಬೇಕು. ಉರಿಯುವವನು ಉಸಿರು ಬಿಗಿಹಿಡಿದಿರುತ್ತಾನೆ, ಏಕೆಂದರೆ ಬಿಸಿಗಾಳಿಯ ಒಂದು ಗುಟುಕು ಶ್ವಾಸನಾಳವನ್ನು ಸುಡಬಲ್ಲುದು. ನೋಡುವವರಿಗೆ ಅದು ಸಾಹಸ, ಮಾಡುವವರಿಗೆ ಅಂಕಗಣಿತ.

ಈಗ ನಮ್ಮ ಊರಿನ ಕಡೆಗೆ ಬರೋಣ. ಬಿಳಿಕೆರೆಯಿಂದ ಮೈಸೂರಿಗೆ ಹೊರಟ ಬಸ್ಸು ಇಲವಾಲವನ್ನು ದಾಟಿ ನಗರವನ್ನು ಪ್ರವೇಶಿಸುವ ಹುಣಸೂರು ರಸ್ತೆಯಲ್ಲಿಯೇ ಒಂದು ಕಾಲದಲ್ಲಿ ಪ್ರೀಮಿಯರ್ ಸ್ಟುಡಿಯೋ ಇದ್ದಿತು. ಅಲ್ಲಿ 1989ರ ಫೆಬ್ರವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿತು. ಇಲ್ಲಿ ಯಾರಿಗೂ ಬೆಂಕಿ ಹಚ್ಚುವ ಉದ್ದೇಶವಿರಲಿಲ್ಲ. ಆದರೂ 62 ಮಂದಿ ಸತ್ತರು. ನಿರ್ದೇಶಕನೂ ಮುಖ್ಯನಟನೂ ಆಗಿದ್ದ ಸಂಜಯ್ ಖಾನರು ತೀವ್ರವಾಗಿ ಸುಟ್ಟುಕೊಂಡು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಹಲವಾರು ಶಸ್ತ್ರಚಿಕಿತ್ಸೆಗಳ ಅನಂತರ ಬದುಕಿದರು. ಧಾರಾವಾಹಿ 1990ರಲ್ಲಿ ಪ್ರಸಾರವಾಯಿತು, ದೇಶವೆಲ್ಲ ನೋಡಿತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ರಾಕೆಟ್ಟನ್ನು ಹಾರಿಸಿ, ಬೆಂಕಿಯನ್ನು ಶಿಸ್ತಿಗೆ ಒಳಪಡಿಸಿದುದಕ್ಕಾಗಿ ಹೆಸರಾದ ಅರಸನೊಬ್ಬನ ಕಥೆಯನ್ನು ಹೇಳಲು ಹೋಗಿ ಹೀಗಾದುದು ವಿಚಿತ್ರವೆನ್ನಬೇಕು.

ಮೊದಲಿಗೆ ಪಟಾಕಿಯ ಮೇಲೆ ಸಂಶಯ ಹೋಯಿತು. ಸಡಿಲವಾದ ವಿದ್ಯುತ್ ತಂತಿಗಳ ಮಾತೂ ಬಂದಿತು. ಕಿಡಿ ಎಲ್ಲಿಂದ ಬಂದಿತೆಂಬುದು ಪೊಲೀಸರಿಗೆ ಮುಖ್ಯವಾದ ಪ್ರಶ್ನೆ. ವಿಜ್ಞಾನದ ವಿದ್ಯಾರ್ಥಿಗೆ ಮುಖ್ಯವಾದುದು, ಕಿಡಿಯು ಅಷ್ಟು ಬೇಗ ಮಹಾಜ್ವಾಲೆಯಾದುದು ಹೇಗೆ ಎಂಬ ಪ್ರಶ್ನೆ. ಸ್ಟುಡಿಯೋದ ಗೋಡೆಗಳಿಗೆ ಗೋಣಿತಾಟನ್ನು ಹೊದಿಸಲಾಗಿತ್ತು. ಪ್ರತಿಧ್ವನಿಯನ್ನು ತಡೆಯಲು ಗೋಣಿ ಅಗ್ಗವಾದ, ಒಳ್ಳೆಯ ಸಾಧನವೇ ಸರಿ: ಶಬ್ದದ ಅಲೆಗಳು ಸೆಣಬಿನ ಎಳೆಗಳ ನಡುವಣ ಸಹಸ್ರಾರು ಸಂದುಗಳೊಳಗೆ ಹೊಕ್ಕು, ಘರ್ಷಣೆಯಿಂದ ಸೊರಗಿ ನಿಲ್ಲುತ್ತವೆ. ಆದರೆ ಶಬ್ದವನ್ನು ಹೀರುವ ಆ ಸಂದುಗಳೇ ಬೆಂಕಿಗೆ ಆಮ್ಲಜನಕವನ್ನು ಒದಗಿಸುವ ದಾರಿಗಳೂ ಹೌದು. ಅಲ್ಲದೆ ಬೆಂಕಿ ನೆಲದ ಮೇಲೆ ನಿಧಾನವಾಗಿ ಹಬ್ಬಿದರೂ ಗೋಡೆಯ ಮೇಲೆ ನಾಗಾಲೋಟದಿಂದ ಏರುತ್ತದೆ, ಏಕೆಂದರೆ ಪ್ರತಿಯೊಂದು ಜ್ವಾಲೆಯೂ ತನ್ನ ಮೇಲಿನ ತಾಟನ್ನು ಕಾಯಿಸಿ ಸಿದ್ಧಪಡಿಸುತ್ತ ಹೋಗುತ್ತದೆ. ನಂದಿಸುವುದಕ್ಕೆಂದು ಅಲ್ಲಿ ಮರಳನ್ನು ಇಡಲಾಗಿತ್ತಂತೆ. ಗೋಡೆಯ ನೆತ್ತಿಗೆ ಏರಿದ ಬೆಂಕಿಗೆ ಮರಳನ್ನು ಎರಚುವವರಾರು?

ಗಾಳಿಕಂಡಿಗಳೂ ಇರಲಿಲ್ಲವೆಂದು ವರದಿಗಳು ಹೇಳಿದುವು. ಸ್ಪೇನಿನ ಬಯಲಿನಲ್ಲಿ ಶಾಖವೂ ಹೊಗೆಯೂ ಆಕಾಶಕ್ಕೆ ಹೋದುವು. ಮುಚ್ಚಿದ ಕಟ್ಟಡದಲ್ಲಿ ಅವು ಮಾಡಿನ ಕೆಳಗೆ ಮೋಡದಂತೆ ಕವಿಯುತ್ತವೆ. ಆ ಮೋಡದ ಉಷ್ಣತೆ 500–600 ಡಿಗ್ರಿ ಸೆಂಟಿಗ್ರೇಡಿಗೆ ಏರಿತೆಂದರೆ, ಅದರ ವಿಕಿರಣದಿಂದಲೇ ಕೆಳಗಿನ ವಸ್ತುಗಳೆಲ್ಲವೂ ಬಹುಮಟ್ಟಿಗೆ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಅದಕ್ಕೂ ಮುಂಚೆ ಕಾರ್ಬನ್ ಮಾನಾಕ್ಸೈಡ್ ತನ್ನ ಕೆಲಸ ಮಾಡಿರುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿತದಿಂದ ಅಂಟಿಕೊಳ್ಳುತ್ತದೆ; ಮನುಷ್ಯನಿಗೆ ಬಾಗಿಲು ಕಂಡರೂ ಕಾಲು ಏಳುವುದಿಲ್ಲ.

‘ಆಗಿನ್ನೂ ನಮ್ಮಲ್ಲಿ ಇದರ ತಿಳುವಳಿಕೆ ಇರಲಿಲ್ಲ’ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಸಮಾಧಾನವನ್ನು ನಾನು ಒಪ್ಪಲಾರೆ. ಪ್ಯಾರಿಸ್ಸಿನ ನಾಟಕಶಾಲೆಗಳ ಬಟ್ಟೆಗಳು ಹೊತ್ತಿಕೊಳ್ಳದಂತೆ ಮಾಡಲು ಸಾಧ್ಯವೇ ಎಂದು ಫ್ರಾನ್ಸಿನ ದೊರೆ ಕೇಳಿದಾಗ, ರಸಾಯನವಿಜ್ಞಾನಿ ಗೇ ಲ್ಯೂಸಾಕ್ ಪ್ರಯೋಗ ಮಾಡಿ, ಅಮೋನಿಯಮ್ ಫಾಸ್ಫೇಟ್, ನವಸಾಗರ, ಬಿಳಿಗಾರ ಇವುಗಳ ದ್ರಾವಣದಲ್ಲಿ ಅದ್ದಿದ ನಾರುಬಟ್ಟೆ ಜ್ವಾಲೆಯಾಗಿ ಉರಿಯುವುದಿಲ್ಲವೆಂದು ತೋರಿಸಿದುದು 1821ರಲ್ಲಿ. ಮೈಸೂರಿನ ದುರಂತಕ್ಕೆ 168 ವರ್ಷ ಮುಂಚೆ! ನಾರು ತಾನಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಹೊರಡುವ ಅನಿಲಗಳು ಉರಿಯುತ್ತವೆ. ಈ ಲವಣಗಳಿದ್ದರೆ ನಾರು ಅನಿಲವಾಗುವುದಕ್ಕೆ ಬದಲು ಹೆಚ್ಚಾಗಿ ಇದ್ದಿಲೂ ನೀರೂ ಆಗುತ್ತದೆ. ತಿಳುವಳಿಕೆ ಇದ್ದಿತು, ಅದು ಪುಸ್ತಕದಿಂದ ಇಳಿದು ಗೋಣಿಯವರೆಗೆ ಬರಲಿಲ್ಲ. ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಮಕ್ಕಳೇ ಹೆಚ್ಚಾಗಿ ಬಲಿಯಾದ 1981ರ ಫೆಬ್ರವರಿ 7ರಿಂದಲೂ ಅದು ಬರಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ರೈತನಿಗೆ ಈ ವಿಷಯವನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಸೊಪ್ಪನ್ನು ಹದ ಮಾಡುವಾಗ ಒಲೆ ಹೊರಗಿರುತ್ತದೆ, ಕಾದ ಕೊಳವೆಗಳು ಮಾತ್ರ ಒಳಗೆ ಹಾಯುತ್ತವೆ. ಒಣಗಿದ ಒಂದು ಎಲೆ ಕಡ್ಡಿಯಿಂದ ಜಾರಿ ಕೊಳವೆಯ ಮೇಲೆ ಬಿದ್ದರೂ ಇಡೀ ಬ್ಯಾರನ್ ಹೋಯಿತೆಂಬುದು ಅವನಿಗೆ ಗೊತ್ತು. ಆದುದರಿಂದಲೇ ರಾತ್ರಿಯೆಲ್ಲ ಎದ್ದಿದ್ದು ಉಷ್ಣತಾಮಾಪಕವನ್ನು ನೋಡುತ್ತಾನೆ. ಅದೇ ರೈತ ಊರಹಬ್ಬದ ನಾಟಕಕ್ಕೆ ತೆಂಗಿನ ಗರಿಯ ಚಪ್ಪರ, ಬಟ್ಟೆಯ ಪರದೆ, ತಾತ್ಕಾಲಿಕ ವಿದ್ಯುತ್ ತಂತಿ, ಮತಾಪಿನ ಬೆಳಕು ಇವುಗಳ ಕೆಳಗೆ ಮಕ್ಕಳೊಡನೆ ನಿಶ್ಚಿಂತೆಯಿಂದ ಕುಳಿತಿರುತ್ತಾನೆ. ಸೊಪ್ಪಿಗೆ ಲೆಕ್ಕವಿದೆ; ಸಭೆಗೆ ಇಲ್ಲ. ಈಗ ಗಣಕಯಂತ್ರದಲ್ಲಿಯೇ ಬೆಂಕಿಯನ್ನು ಚಿತ್ರಿಸುವಾಗ ಇದರ ಗೊಡವೆಯೇಕೆ ಎಂದು ಕೇಳುವವರು ಈ ಚಪ್ಪರವನ್ನು ಮರೆತಿದ್ದಾರೆ.

ನಮ್ಮ ಪ್ರೌಢಶಾಲೆಗಳಲ್ಲಿ ದಹನಕ್ರಿಯೆಯ ಪಾಠವಿದೆ. ಮುಚ್ಚಿದ ಗಾಜಿನೊಳಗೆ ಮೇಣದ ಬತ್ತಿ ಆರುವುದನ್ನು ಎಲ್ಲರೂ ನೋಡುತ್ತಾರೆ. ಅದರೊಡನೆ ಇನ್ನೊಂದು ಪ್ರಯೋಗವೂ ಸೇರಬೇಕೆಂಬುದು ನನ್ನ ಅಭಿಪ್ರಾಯ. ಗೋಣಿತಾಟಿನ ಮೂರು ಪಟ್ಟಿಗಳನ್ನು ತೆಗೆದುಕೊಳ್ಳಿ. ಒಂದು ಹಾಗೆಯೇ ಇರಲಿ. ಉಳಿದೆರಡನ್ನು ಬಿಳಿಗಾರ ಮತ್ತು ಬೋರಿಕ್ ಆಮ್ಲಗಳ ದ್ರಾವಣದಲ್ಲಿ ಅದ್ದಿ ಒಣಗಿಸಿ, ಅವುಗಳಲ್ಲಿ ಒಂದನ್ನು ಮತ್ತೆ ನೀರಿನಲ್ಲಿ ಚೆನ್ನಾಗಿ ಜಾಲಿಸಿ ಒಣಗಿಸಿ. ಅನಂತರ ಬಯಲಿನಲ್ಲಿ, ಉಪಾಧ್ಯಾಯರ ಸಮ್ಮುಖದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಇಕ್ಕಳದಿಂದ ಹಿಡಿದು ಮೂರಕ್ಕೂ ಜ್ವಾಲೆ ತಾಗಿಸಿ. ಮೊದಲನೆಯದು ಹೊತ್ತಿ ಉರಿಯುವುದು. ಎರಡನೆಯದು ಕಪ್ಪಾಗಿ ನಿಲ್ಲುವುದು. ಜಾಲಿಸಿದ ಮೂರನೆಯದು ಬಹುಪಾಲು ಮೊದಲನೆಯದರಂತೆಯೇ ಉರಿಯುವುದು, ಏಕೆಂದರೆ ಈ ಲವಣಗಳು ನೀರಿನಲ್ಲಿ ಕರಗಿ ಹೋಗುತ್ತವೆ. ಮಳೆಗೆ ನೆನೆದ ಪರದೆಯನ್ನು ಮುಂದಿನ ನಾಟಕಕ್ಕೆ ಮುಂಚೆ ಮತ್ತೆ ಅದ್ದಬೇಕೆಂಬ ಮಾತನ್ನು, ಆ ಮೂರು ಪಟ್ಟಿಗಳೊಡನೆ, ವಿದ್ಯಾರ್ಥಿಗಳು ತಮ್ಮ ಊರಿನ ನಾಟಕದ ಮಂಡಲಿಯವರಿಗೆ ತಲುಪಿಸಲಿ.