ಹಸಿವಿಗೆ ಐವತ್ತು ರೂಪಾಯಿ ದಂಡ

ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ನೆಲದ ಹುಳುಹುಪ್ಪಟೆಗಳನ್ನು ತಿಂದು ಬದುಕಲೂ ಬಿಡದೆ ಸಾಯಿಸಿದ ಸ್ತ್ರೀಯೊಬ್ಬಳು ನರಕಕ್ಕೆ ಅರ್ಹಳಾದಳೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದ್ದೇವೆ. ಆಕೆ ಬೆಕ್ಕಿಗೆ ಹೊಡೆದಳೆಂದು ಅಲ್ಲಿಲ್ಲ. ಕೊಡದಿದ್ದುದು, ಬಿಡದಿದ್ದುದು- ಇದೇ ಆಕೆಯ ಅಪರಾಧ.

ನಮ್ಮ ದೇಶದ ಕಾನೂನಿಗೂ ಈ ಅಪರಾಧ ಅಪರಿಚಿತವಲ್ಲ. ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದ ಮಾಲಕನನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಪರಾಧಿಯೆಂದೇ ಪರಿಗಣಿಸುತ್ತದೆ. ಶಿಕ್ಷೆಯೇನು? ಮೊದಲ ಬಾರಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷಗಳೊಳಗೆ ಮತ್ತೆ ಅದೇ ತಪ್ಪೆಸಗಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ. ಎಮ್ಮೆಯೊಂದರ ಒಂದು ದಿನದ ಹಿಂಡಿಗೂ ಸಾಲದ ಮೊತ್ತವಿದು. ಮೇವು ಹಾಕುವುದಕ್ಕಿಂತ ದಂಡ ಕಟ್ಟುವುದೇ ಅಗ್ಗವೆಂದು ಕಾನೂನೇ ಮಾಲಕನಿಗೆ ಲೆಕ್ಕ ಹೇಳಿಕೊಟ್ಟಂತಿದೆ. ಈ ದಂಡ ಏನೇನೂ ಸಾಲದೆಂದು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು. 2022ರಲ್ಲಿ ತಿದ್ದುಪಡಿಯ ಕರಡೊಂದನ್ನು ಸಾರ್ವಜನಿಕರ ಮುಂದಿಡಲಾಯಿತು. ಅದು ಕರಡಾಗಿಯೇ ಉಳಿಯಿತು.

ಇನ್ನು ನಮ್ಮ ರಾಜ್ಯದ ಮಾತು. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯನ್ವಯ ಹಸುವನ್ನು ವಧಿಸಿದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ, ಕನಿಷ್ಠ 50 ಸಾವಿರ ರೂಪಾಯಿ ದಂಡ. ಅದೇ ಹಸುವನ್ನು ಹಾಲು ಬತ್ತಿದ ಮೇಲೆ ಪ್ಲಾಸ್ಟಿಕ್ ತಿನ್ನಲು ಬೀದಿಗೆ ಅಟ್ಟಿದವನಿಗೆ 50 ರೂಪಾಯಿ! ಕಾಯ್ದೆಯ ಪ್ರೇರಣೆ ಕರುಣೆಯೇ ಆಗಿದ್ದರೆ, ಹಸಿವಿನಿಂದ ಸಾಯುವ ಹಸುವಿಗೆ ಅದರಲ್ಲಿ ಪಾಲೇಕಿಲ್ಲ?

ಈ ಪ್ರಶ್ನೆಯನ್ನು ಕೇಳುವ ನೈತಿಕ ಹಕ್ಕು ನಮಗಿರಬೇಕಾದರೆ, ಅದೇ ಅಳತೆಗೋಲು ಬಕ್ರೀದ್ ಸಂತೆಗೂ ಅನ್ವಯವಾಗಬೇಕು. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ, ಬಿಸಿಲಲ್ಲಿ ಹನಿ ನೀರೂ ಕೊಡದೆ ಆಡುಗಳನ್ನು ನಿಲ್ಲಿಸುವ ವ್ಯಾಪಾರಿಯ ಹೆಸರು ಮುಸ್ಲಿಮನದೆಂಬ ಕಾರಣಕ್ಕೆ ಅವನಿಗೆ ರಿಯಾಯಿತಿ ಸಲ್ಲದು. ಧಾರ್ಮಿಕ ವಿಧಿಯಂತೆ ಪ್ರಾಣಿವಧೆ ಮಾಡುವುದನ್ನು 28ನೇ ಸೆಕ್ಷನ್ ಅಪರಾಧವೆಂದು ಎಣಿಸುವುದಿಲ್ಲ. ಆದರೆ ಅದಕ್ಕೆ ಮುಂಚಿನ ಬಾಯಾರಿಕೆಯನ್ನು ಯಾವ ವಿಧಿಯೂ ಬಯಸಿಲ್ಲ.

ಮನುಷ್ಯರಿಗೇ ನ್ಯಾಯ ಸಿಗದ ಕಾಲದಲ್ಲಿ ಆಡು, ಎಮ್ಮೆಗಳ ಚರ್ಚೆಯೇಕೆ ಎನ್ನುವವರಿದ್ದಾರೆ. ಮದೀನಾದಲ್ಲಿ ಹೊಸ ಸಮಾಜವನ್ನು ಕಟ್ಟುತ್ತಿದ್ದ ಪ್ರವಾದಿಯವರಿಗೆ(ಸ) ತೋಟವೊಂದರಲ್ಲಿ ಕಣ್ಣೀರಿಡುತ್ತಿದ್ದ ಒಂಟೆಯ ತಲೆ ನೇವರಿಸಲು ಸಮಯವಿತ್ತು. ಅವರು ಅದರ ಮಾಲಕನನ್ನು ಕರೆಸಿ, ಅದನ್ನು ಹಸಿವಿನಿಂದಿಟ್ಟು ದಣಿಸುತ್ತಿರುವುದಕ್ಕಾಗಿ ಅಲ್ಲಾಹನನ್ನು ಭಯಪಡುವಂತೆ ಗದರಿದರು. ಅಬೂದಾವೂದ್‌ನ ಈ ವರದಿಯನ್ನು ಅವರು ಓದಿಲ್ಲವೆಂದು ನಾವು ಭಾವಿಸುವುದಿಲ್ಲ.

ಹಾಗೆಂದು ಎಲ್ಲರನ್ನೂ ಜೈಲಿಗೆ ತಳ್ಳಬೇಕೆಂಬುದು ನಮ್ಮ ವಾದವಲ್ಲ. ಬರಗಾಲದಲ್ಲಿ ತನಗೇ ಅನ್ನವಿಲ್ಲದ ರೈತನಿಂದ ದಂಡ ವಸೂಲು ಮಾಡಿದರೆ ಅದು ಹಸುವಿನ ಮೇವಿನಿಂದಲೇ ಕಡಿತವಾಗುತ್ತದೆ. ಶಾಫಿಈ ಕರ್ಮಶಾಸ್ತ್ರಜ್ಞರು ಇಲ್ಲಿ ಹೆಚ್ಚು ವಿವೇಕಿಗಳಾಗಿದ್ದರು: ಸಾಕುಪ್ರಾಣಿಗೆ ಆಹಾರ ಕೊಡದವನನ್ನು ನ್ಯಾಯಾಧೀಶನು ಒಂದೋ ಆಹಾರ ಕೊಡುವಂತೆ, ಇಲ್ಲವೇ ಅದನ್ನು ಮಾರುವಂತೆ ನಿರ್ಬಂಧಿಸಬೇಕು. ಅಂದರೆ ಪ್ರಾಣಿಯ ಹೊಟ್ಟೆ ತುಂಬುವುದು ಮೊದಲು. ಶಿಕ್ಷಿತನಿಂದ ಪ್ರಾಣಿಯ ಒಡೆತನವನ್ನೇ ಕಸಿಯುವ ಅಧಿಕಾರವನ್ನು 1960ರ ಕಾಯ್ದೆಯ 29ನೇ ಸೆಕ್ಷನ್ ನ್ಯಾಯಾಲಯಕ್ಕೆ ನೀಡಿದೆ. ಶಕ್ತಿಯಿದ್ದೂ ಹಸಿವಿನಿಂದಿಟ್ಟವನ ಮೇಲೆ ಅದು ಪ್ರಯೋಗವಾಗಲಿ, ಆ ಪ್ರಾಣಿಯ ಮುಂದಿನ ಮೇವಿನ ಖರ್ಚೂ ಅವನ ತಲೆಗೇ ಬರಲಿ.