ಮಳೆ ನಕ್ಷತ್ರವೂ ಮಳೆಯ ಲೆಕ್ಕವೂ

ಮುಂಗಾರು ಹತ್ತಿರವಾಯಿತೆಂದರೆ ನಮ್ಮಲ್ಲಿ ಬಹುಮಂದಿಯ ಕಣ್ಣು ಪಂಚಾಂಗದ ಕಡೆಗೆ ಹೊರಳುತ್ತದೆ. ರೋಹಿಣಿ ಎಂದು ಹುಟ್ಟುತ್ತದೆ, ಮೃಗಶಿರಾ ಎಂದು, ಆರಿದ್ರೆ ಎಂದು? ಅಡಿಕೆಗೆ ಮೊದಲ ಬೋರ್ಡೋ ಸಿಂಪರಣೆಯ ದಿನವೂ ಅನೇಕರಲ್ಲಿ ಹೀಗೆಯೇ ನಿಶ್ಚಯವಾಗುತ್ತದೆ. 2025ರಲ್ಲಿ ಈ ಲೆಕ್ಕ ಕೈಕೊಟ್ಟಿತು. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುವ ಮುಂಗಾರು ಆ ವರ್ಷ ಮೇ 24ಕ್ಕೇ ಬಂದಿಳಿಯಿತು. ರೋಹಿಣಿ ಹುಟ್ಟುವುದೇ ಮೇ 25ರ ಸುಮಾರಿಗೆ. ಮೃಗಶಿರಾಕ್ಕೆ ಮುಂಚೆ ಹೊಡೆದರಾಯಿತೆಂದು ಮೈಲುತುತ್ತು ತಂದಿಟ್ಟು ಕುಳಿತಿದ್ದ ನಮ್ಮಂಥವರಿಗೆ ಬಿಸಿಲೂ ಸಿಗಲಿಲ್ಲ, ಕೊನೆಗಾರರೂ ಸಿಗಲಿಲ್ಲ.

ಹಾಗೆಂದು ಪಂಚಾಂಗವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ಮುಸಲ್ಮಾನ ಬಂಧುಗಳ ರಂಜಾನ್ ವರ್ಷವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುವುದು ಇದರಿಂದಲೇ. ನಮ್ಮ ಯುಗಾದಿ ಹಾಗೆ ಸರಿಯದಿರಲೆಂದು 19 ವರ್ಷಕ್ಕೆ 7ರಂತೆ ಅಧಿಕ ಮಾಸ ಸೇರುತ್ತದೆ. ಯೆಹೂದ್ಯರ ಲೆಕ್ಕವೂ ಇದೇ. ಆದರೂ ಯುಗಾದಿ ಒಮ್ಮೆ ಮಾರ್ಚ್‌ನಲ್ಲಿ, ಒಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಬೇಸಾಯಕ್ಕೆ ಇದು ಸಾಲದೆಂದೇ ಹಿರಿಯರು ಮಳೆಯ ಮಟ್ಟಿಗೆ ಚಂದ್ರನನ್ನು ಬಿಟ್ಟು ಸೂರ್ಯನನ್ನು ಹಿಡಿದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಸುಮಾರು ಹದಿಮೂರೂವರೆ ದಿನವೇ ಒಂದೊಂದು ಮಳೆ.

ಈ ಲೆಕ್ಕದಲ್ಲೂ ಒಂದು ಸಣ್ಣ ಸೋರಿಕೆ ಇದೆ. ಭೂಮಿಯ ಅಕ್ಷ ಬುಗುರಿಯಂತೆ ಬಲು ನಿಧಾನವಾಗಿ ತೂಗುವುದರಿಂದ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುಗಳು ನಕ್ಷತ್ರಗಳಿಗಿಂತ ಮುಂಚಿತವಾಗುತ್ತವೆ. ಆರನೆಯ ಶತಮಾನದ ವರಾಹಮಿಹಿರನು ಇದನ್ನು ಗಮನಿಸಿದ್ದ. ಹಿಂದೆ ಆಶ್ಲೇಷಾ ನಡುವೆ ಆಗುತ್ತಿದ್ದ ದಕ್ಷಿಣಾಯನ ಈಗ ಕರ್ಕಾಟಕದ ಆದಿಯಲ್ಲಾಗುತ್ತಿದೆ, ಕಣ್ಣಾರೆ ನೋಡಿ ಪರೀಕ್ಷಿಸಬೇಕು ಎಂದು ಬೃಹತ್ಸಂಹಿತೆಯಲ್ಲಿ ಹೇಳಿದ. ಇಂದು ಸೂರ್ಯ ದಕ್ಷಿಣಕ್ಕೆ ತಿರುಗುವುದು ಜೂನ್ 21ರ ಸುಮಾರಿಗೆ, ಮೃಗಶಿರಾ ಮುಗಿಯುವಾಗ. ಪಂಚಾಂಗದಲ್ಲಿ ಮಾತ್ರ ಅದು ಇನ್ನೂ ಜುಲೈ ನಡುವಿನ ಕರ್ಕಾಟಕ ಸಂಕ್ರಮಣಕ್ಕೇ ನಿಂತಿದೆ. ಇಂಥದೇ ತಪ್ಪನ್ನು ತಿದ್ದಲು ಯುರೋಪಿನಲ್ಲಿ 1582ರ ಅಕ್ಟೋಬರ್‌ನಲ್ಲಿ ಹತ್ತು ದಿನಗಳನ್ನೇ ತೆಗೆದುಹಾಕಿದರು. ನಮ್ಮಲ್ಲಿ 1952ರಲ್ಲಿ ಮೇಘನಾದ ಸಾಹಾರವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಅದು ಸರ್ಕಾರದ ಕಾಗದಪತ್ರದಲ್ಲಿ ಉಳಿಯಿತು, ನಮ್ಮ ಜಗಲಿಗೆ ಬರಲಿಲ್ಲ.

ಆದರೆ ಈ ಸೋರಿಕೆ ಒಬ್ಬನ ಆಯುಷ್ಯಕ್ಕೆ ಒಂದು ದಿನ ಮಾತ್ರ. 2025ರ ಪೆಟ್ಟಿಗೆ ಅದು ಕಾರಣವಲ್ಲ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಈ ಎರಡು ವರ್ಷಗಳ ನಡುವೆ ಹದಿನೈದು ದಿನಗಳ ಅಂತರ! ಇದನ್ನು ಯಾವ ದೇಶದ ಯಾವ ಪಂಚಾಂಗವೂ ಮುಂದಾಗಿ ಹೇಳಲಾರದು. ಪಂಚಾಂಗ ಸೂರ್ಯನಿರುವ ಜಾಗ ಹೇಳುತ್ತದೆ, ಮೋಡವಿರುವ ಜಾಗವನ್ನಲ್ಲ.

ಹಿಂದಿನವರಿಗೆ ಇದು ತಿಳಿದಿತ್ತು. ಈಜಿಪ್ಟಿನವರು ಲುಬ್ಧಕ ನಕ್ಷತ್ರ ಮೂಡುವುದನ್ನು ನೋಡಿ ನೈಲ್ ನದಿಯ ನೆರೆಯನ್ನು ನಿರೀಕ್ಷಿಸುತ್ತಿದ್ದರು. ಅಷ್ಟಕ್ಕೇ ನಿಲ್ಲದೆ ದಡದಲ್ಲಿ ಅಳತೆಯ ಮೆಟ್ಟಿಲು ಕಟ್ಟಿ ನೀರನ್ನು ಅಳೆದರು. ವರಾಹಮಿಹಿರನೂ ಒಂದು ಮೊಳ ಅಗಲದ ಪಾತ್ರೆಯಿಂದ ಮಳೆ ಅಳೆಯುವ ಕ್ರಮವನ್ನು ಹೇಳಿದ್ದಾನೆ. ನಕ್ಷತ್ರ ನೋಡುವುದನ್ನು ಉಳಿಸಿಕೊಂಡ ನಾವು ಅಳೆಯುವುದನ್ನೇಕೆ ಬಿಟ್ಟೆವು?

ಆದ್ದರಿಂದ ಬೆಳೆಗಾರ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟು. ಮೇ ನಡುವೆ ಹವಾಮಾನ ಇಲಾಖೆ ಮುಂಗಾರಿನ ಆಗಮನದ ಮುನ್ಸೂಚನೆ ನೀಡುತ್ತದೆ. ಅಷ್ಟರೊಳಗೆ ಮೈಲುತುತ್ತು, ಸುಣ್ಣ, ಆಳು ಎಲ್ಲವೂ ಸಿದ್ಧವಿರಲಿ. ಆ ದಿನದಿಂದ ಹಿಂದಕ್ಕೆ ಎಣಿಸಿ ಸಿಂಪರಣೆ ಮುಗಿಸೋಣ. ಅಂಗಳದಲ್ಲೊಂದು ಮಳೆಮಾಪಕ, ಪಂಚಾಂಗದ ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಕಾಫಿಗೆ ಹೂಮಳೆ ಬಿದ್ದ ದಿನ, ಎಷ್ಟು ಇಂಚು, ಯಾವ ನಕ್ಷತ್ರ, ಔಷಧಿ ಹೊಡೆದ ದಿನ, ಕೊಳೆ ಕಂಡ ದಿನ ಎಲ್ಲವನ್ನೂ ಬರೆದಿಡೋಣ. ಹತ್ತು ವರ್ಷ ಬರೆದರೆ ನಮ್ಮ ತೋಟಕ್ಕೊಂದು ಪಂಚಾಂಗ ತಯಾರಾಗುತ್ತದೆ. ಅಂಥದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.