ನೋವಿನ ಮಾತ್ರೆಯೂ ಚಟದ ಭಯವೂ

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಪ್ರತಿವರ್ಷ ಜೂನ್ 13ರಂದು ಸಂತ ಅಂತೋಣಿಯವರ ಹಬ್ಬಕ್ಕೆ ಸೇರುವ ಭಕ್ತಸ್ತೋಮದಲ್ಲಿ, ಕಳೆದುಹೋದ ಒಡವೆಗಾಗಿ ಬೇಡಿಕೊಳ್ಳುವವರಿಗಿಂತ ಮನೆಯಲ್ಲಿ ಮಲಗಿರುವ ರೋಗಿಗಾಗಿ ಬೇಡಿಕೊಳ್ಳುವವರೇ ಹೆಚ್ಚೆಂದು ನಮಗೆ ಅನಿಸಿದೆ. ವಾಸಿಯಾಗಲಿ ಎಂದು ಕೆಲವರು. ಅದು ಆಗದಿದ್ದರೆ ನೋವಾದರೂ ಕಡಿಮೆಯಾಗಲಿ ಎಂದು ಮತ್ತೆ ಕೆಲವರು. ಈ ಎರಡನೆಯ ಬೇಡಿಕೆಯನ್ನು ಈಡೇರಿಸುವ ಸಾಧನ ಬಹುಮಟ್ಟಿಗೆ ಮನುಷ್ಯರ ಕೈಗೇ ಒದಗಿದೆ. ಆದರೂ ಅದನ್ನು ನಾವೇ ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತೇವೆ. ಈ ಸಂಗತಿಯನ್ನು ಕುರಿತು ಈ ವಾರ ವಾಚಕರೊಡನೆ ಕೆಲವು ಮಾತು ಹಂಚಿಕೊಳ್ಳಬಯಸುತ್ತೇವೆ.

ಪಿರಿಯಾಪಟ್ಟಣ ಸೀಮೆಯ ಒಂದು ಮನೆ. ಊರಿನ ಹೆಸರೂ ಮನೆತನದ ಹೆಸರೂ ಇಲ್ಲಿ ಬೇಡ. ಆ ಮನೆಯ ಹಿರಿಯರ ಕೆನ್ನೆಯೊಳಗೆ ಹುಟ್ಟಿದ ಹುಣ್ಣು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ದವಡೆಯ ಮೂಳೆಯನ್ನು ಹೊಕ್ಕಿತ್ತು. ಗುಣಪಡಿಸುವ ಹಂತ ಮೀರಿದೆಯೆಂದ ವೈದ್ಯರು, ನೋವಿಗಾಗಿ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುವಂತೆ ಬರೆದು ಕಳುಹಿಸಿದ್ದರು. ನಾವು ಕಾಣಲು ಹೋದಾಗ ಹಿರಿಯರು ಗೋಡೆಯ ಕಡೆಗೆ ಮುಖಮಾಡಿ, ಟವೆಲನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದ್ದರು. ಮಾತ್ರೆಗಳು ಬೀರುವಿನಲ್ಲಿದ್ದವು, ಬೀಗದ ಕೈ ಮಗನ ಬಳಿ ಇತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಅಷ್ಟೇ. ಏಕೆಂದು ಕೇಳಿದೆವು. “ಅಭ್ಯಾಸ ಆಗೋಯ್ತದೆ ಸಾರ್, ಆಮೇಲೆ ಬಿಡ್ಸಕ್ಕಾಗಕಿಲ್ಲ” ಎಂದ. ಅಪ್ಪನ ಮೇಲೆ ಪ್ರೀತಿಯಿಲ್ಲದ ಮಗನೇನೂ ಅಲ್ಲ. ಚಿಕಿತ್ಸೆಗೆಂದು ಎತ್ತಿನ ಜೋಡಿಯನ್ನೇ ಮಾರಿದ್ದವನು.

ಅದೇ ಹಿರಿಯರು ನಲವತ್ತು ವರ್ಷಗಳ ಕಾಲ ಎಲೆಅಡಿಕೆಯೊಡನೆ ಕಡ್ಡಿಪುಡಿ ಹಾಕಿಕೊಂಡವರು. ಆ ಪೊಟ್ಟಣಗಳನ್ನು ಆ ಮನೆಯಲ್ಲಿ ಯಾರೂ ಎಣಿಸಲಿಲ್ಲ, ಯಾರೂ ಬೀಗ ಹಾಕಿ ಇಡಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯೆಂಬುದು ಸರ್ವವಿದಿತ. ಮುಂಗಾರಿಗೆ ಸಸಿ ನೆಟ್ಟು, ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಹದಮಾಡಿ, ತಂಬಾಕು ಮಂಡಳಿಯ ಹರಾಜಿಗೆ ಬೇಲು ಸಾಗಿಸುವ ಕುಟುಂಬಗಳಲ್ಲಿ ನಮ್ಮವರೂ ಇದ್ದಾರೆ. ಮಕ್ಕಳ ಶಾಲಾ ಶುಲ್ಕ, ಹೆಣ್ಣುಮಕ್ಕಳ ಮದುವೆ ಈ ಬೆಳೆಯ ದುಡ್ಡಿನಿಂದಲೇ ಆಗಿವೆಯಾದ್ದರಿಂದ ಬೆಳೆಗಾರರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ನಾವು ಬೆಳೆಯುವುದು ಸಿಗರೇಟಿನ ಸೊಪ್ಪು, ಜಗಿಯುವ ಸೊಪ್ಪೇ ಬೇರೆ ಎಂದು ಸಮಜಾಯಿಷಿ ಹೇಳುವವರುಂಟು. ನಿಕೋಟಿನ್ ಮಾತ್ರ ಎರಡರಲ್ಲೂ ಒಂದೇ. ಮಂಜಿನಲ್ಲಿ ನೆನೆದ ಹಸಿ ಎಲೆಯನ್ನು ಮುರಿಯುವ ಕೂಲಿಯಾಳುಗಳಿಗೆ ತಲೆ ಸುತ್ತಿ ವಾಂತಿಯಾಗುವುದು ಚರ್ಮದ ಮೂಲಕ ದೇಹಕ್ಕಿಳಿಯುವ ಆ ನಿಕೋಟಿನ್‌ನಿಂದಲೇ. ಹೀಗೆ ಚಟವೆಂದರೇನೆಂಬುದನ್ನು ಯಾರೂ ಹೇಳಿಕೊಡದೆಯೇ ಬಲ್ಲ ಸೀಮೆ ನಮ್ಮದು. ಆ ಅರಿವು ಮಾರ್ಫಿನ್ ಮಾತ್ರೆಯ ಮುಂದೆ ಮಾತ್ರ ಏಕೆ ದಾರಿ ತಪ್ಪುತ್ತದೆ?

ತಪ್ಪಿಗೆ ಒಂದು ಕಾರಣ ನಮ್ಮ ಮಾತಿನಲ್ಲೇ ಅಡಗಿದೆ. ‘ಅಭ್ಯಾಸ’ವೆಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ವಿಷಯಗಳನ್ನು ತುಂಬಿದ್ದೇವೆ. ಮೊದಲನೆಯದು ದೇಹವು ಔಷಧಿಗೆ ಒಗ್ಗಿಕೊಳ್ಳುವುದು. ಮಾರ್ಫಿನ್ ಅಥವಾ ಅದರ ಜಾತಿಯ ಔಷಧಿಗಳನ್ನು ಕೆಲವು ವಾರ ಕ್ರಮವಾಗಿ ಸೇವಿಸಿದ ಬಹುತೇಕ ಎಲ್ಲರ ದೇಹವೂ ಅದಕ್ಕೆ ಒಗ್ಗುತ್ತದೆ. ಥಟ್ಟನೆ ನಿಲ್ಲಿಸಿದರೆ ಮೂಗು ಸೋರುತ್ತದೆ, ಆಕಳಿಕೆ, ಬೆವರು, ಹೊಟ್ಟೆನುಲಿತ, ಭೇದಿ ಕಾಣಿಸುತ್ತವೆ. ವೈದ್ಯರು ಇದನ್ನು ದೈಹಿಕ ಅವಲಂಬನೆ ಎನ್ನುತ್ತಾರೆ. ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿಯುವವರಿಗೆ ಒಂದು ದಿನ ಕಾಫಿ ತಪ್ಪಿದರೆ ತಲೆ ಸಿಡಿಯುವುದಿಲ್ಲವೇ? ರಕ್ತದೊತ್ತಡದ ಕೆಲವು ಮಾತ್ರೆಗಳನ್ನು, ಬಹುಕಾಲ ಸೇವಿಸಿದ ಸ್ಟಿರಾಯ್ಡ್ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಬಾರದೆಂದು ವೈದ್ಯರು ಎಚ್ಚರಿಸುವುದಿಲ್ಲವೇ? ಅವುಗಳನ್ನು ನುಂಗುವವರನ್ನು ನಾವು ಚಟಗಾರರೆಂದು ಕರೆಯುವುದಿಲ್ಲ. ಹಂತಹಂತವಾಗಿ ಕಡಿಮೆ ಮಾಡಿದರೆ ದೇಹ ಮತ್ತೆ ಹಿಂದಿನ ಸ್ಥಿತಿಗೆ ಬರುತ್ತದೆ. ವಿಕಿರಣ ಚಿಕಿತ್ಸೆಯಿಂದ ಗೆಡ್ಡೆ ಕುಗ್ಗಿ ನೋವು ತಗ್ಗಿದ ಮೇಲೆ ಮಾರ್ಫಿನ್ ಮಾತ್ರೆಯನ್ನು ಹೀಗೆಯೇ ಇಳಿಸುತ್ತಾ ಬಂದು ಬಿಟ್ಟವರಿದ್ದಾರೆ.

ಎರಡನೆಯದು ಚಟ ಅಥವಾ ವ್ಯಸನ. ಇಲ್ಲಿ ಹಿಡಿತ ಕೈತಪ್ಪಿರುತ್ತದೆ. ಮನಸ್ಸು ಅದಕ್ಕಾಗಿಯೇ ಹಾತೊರೆಯುತ್ತದೆ. ಕೇಡಾಗುತ್ತಿದೆಯೆಂದು ಕಣ್ಣಾರೆ ಕಂಡರೂ ಕೈ ನಿಲ್ಲುವುದಿಲ್ಲ. ದುಡಿಮೆ, ಹೆಂಡತಿ ಮಕ್ಕಳು, ದೇವರು ಎಲ್ಲವೂ ಹಿಂದೆ ಸರಿಯುತ್ತವೆ. ಸಾರಾಯಿಯಿಂದ ಹಾಳಾದ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇವೆರಡನ್ನೂ ಗುರುತಿಸಲು ನಮಗೆ ತೋಚುವ ಸರಳ ಮಾರ್ಗವೆಂದರೆ, ಮಾತ್ರೆ ನುಂಗಿದ ನಂತರ ಆ ಮನುಷ್ಯನ ಬದುಕು ಯಾವ ಕಡೆಗೆ ತಿರುಗಿತೆಂದು ನೋಡುವುದು. ನೋವು ತಗ್ಗಿದ ರೋಗಿ ಎದ್ದು ಕೂರುತ್ತಾನೆ, ಉಣ್ಣುತ್ತಾನೆ, ಮೊಮ್ಮಗುವನ್ನು ಕರೆಯುತ್ತಾನೆ. ಚಟಕ್ಕೆ ಬಿದ್ದವನ ಲೋಕ ದಿನೇದಿನೇ ಕಿರಿದಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿಯೂ ವೈದ್ಯರ ನಿಗಾದಲ್ಲಿ ಔಷಧಿ ಸೇವಿಸುವವರ ಮಟ್ಟಿಗೆ, ಪ್ರಮಾಣ ಹೆಚ್ಚಿಸಬೇಕಾಗುವುದನ್ನೂ ನಿಲ್ಲಿಸಿದಾಗ ತೊಂದರೆಯಾಗುವುದನ್ನೂ ವ್ಯಸನದ ಲಕ್ಷಣವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದಿದೆ.

ಪಿರಿಯಾಪಟ್ಟಣದ ಆ ಮನೆಯಲ್ಲಿ ಮಗನ ಅಂಜಿಕೆಗೆ ಪುರಾವೆಯೂ ಇತ್ತು. ಅಪ್ಪ ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಾ ಕೂಗಾಡುತ್ತಾರೆ, ಇದು ಚಟವಲ್ಲದೆ ಇನ್ನೇನು ಎಂಬುದು ಅವನ ವಾದ. ನಾಲ್ಕು ಗಂಟೆ ಮಾತ್ರ ಕೆಲಸ ಮಾಡುವ ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ ಕೊಟ್ಟರೆ ಉಳಿದ ಎಂಟು ಗಂಟೆ ರೋಗಿ ಗಡಿಯಾರವನ್ನಲ್ಲದೆ ಮತ್ತೇನನ್ನು ನೋಡಿಯಾನು? ಪರಿಚಯದ ಧಾರ್ಮಿಕ ಭಗಿನಿಯೊಬ್ಬರು, ಶುಶ್ರೂಷಕಿಯಾಗಿ ಅನುಭವವುಳ್ಳವರು, ಇದನ್ನು ಬಿಡಿಸಿ ಹೇಳಿದರು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಮಲಬದ್ಧತೆಯಂತೂ ಆಗಿಯೇ ಆಗುತ್ತದೆ, ಅದಕ್ಕೆ ಬರೆದ ಔಷಧಿಯನ್ನು ಮರೆಯಬೇಡಿ ಎಂದರು. ಮಗ ಮೊಬೈಲಿನಲ್ಲಿ ಅಲಾರಂ ಇಟ್ಟ. ಮುಂದಿನ ವಾರ ಹೋದಾಗ ಹಿರಿಯರು ಜಗಲಿಯಲ್ಲಿ ಕುಳಿತು ರಾಗಿ ಗಂಜಿ ಕುಡಿಯುತ್ತಿದ್ದರು. ಹರಾಜಿನಲ್ಲಿ ಸೊಪ್ಪು ಕಿಲೋಗೆ ಎಷ್ಟಕ್ಕೆ ಹೋಯಿತೆಂದು ನಮ್ಮನ್ನೇ ವಿಚಾರಿಸಿದರು. ಅನಂತರ ಅವರು ಬದುಕಿದ್ದುದು ಏಳು ವಾರ. ಯಾವ ಚಟವೂ ಅವರನ್ನು ಹಿಡಿಯಲಿಲ್ಲ.

ಈ ಅಂಜಿಕೆ ಮನೆಗಳಲ್ಲಿ ಮಾತ್ರ ಹುಟ್ಟಿದ್ದಲ್ಲ. ಸರ್ಕಾರದ ಪಾಲೂ ಇದೆ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ; ನಮ್ಮ ಪಾಯಸಕ್ಕೆ ಬೀಳುವ ಗಸಗಸೆಯ ಗಿಡದ ಕಾಯಿಯ ಹಾಲೇ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಅದನ್ನು ಸರ್ಕಾರದ ಪರವಾನಗಿಯೊಡನೆ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಹೀಗಿದ್ದೂ 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ ಪರವಾನಗಿಗಳ ಗೋಜಲಿಗೂ ಶಿಕ್ಷೆಯ ಭಯಕ್ಕೂ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶ ಚಿಕಿತ್ಸೆಗೆ ಬಳಸಿದ ಮಾರ್ಫಿನ್ ಕೇವಲ 18 ಕಿಲೋ. ಕೇರಳದ ವೈದ್ಯ ಎಂ.ಆರ್. ರಾಜಗೋಪಾಲ್ ಮೊದಲಾದವರ ದೀರ್ಘಕಾಲದ ಪ್ರಯತ್ನದ ಫಲವಾಗಿ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಈಗ ಮಾರ್ಫಿನ್ ಸೇರಿದಂತೆ ಆರು ಔಷಧಿಗಳನ್ನು ಇಡಲು ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯೊಂದಿದ್ದರೆ ಸಾಕು. ಕಾಯಿದೆ ಸಡಿಲಗೊಂಡರೂ ಮನಸ್ಸುಗಳು ಸಡಿಲಗೊಂಡಿಲ್ಲ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಲೆಕ್ಕ ಹಾಕಿದಾಗ ನಮ್ಮ ದೇಶದ ರೋಗಿಗಳಿಗೆ ದೊರೆಯುತ್ತಿದ್ದುದು ಅಗತ್ಯದ ಶೇ. 4ರಷ್ಟು ಮಾತ್ರ.

ಹಾಗೆಂದು ಈ ಔಷಧಿಗಳೆಲ್ಲ ನಿರಪಾಯವೆಂದು ನಾವು ಬರೆದರೆ ಅದೂ ಅಸತ್ಯವೇ. ಅಮೆರಿಕದಲ್ಲಿ ನಡೆದದ್ದು ಇದರ ಮತ್ತೊಂದು ಮುಖ. ಆಸ್ಪತ್ರೆಯಲ್ಲಿ ಅಲ್ಪಕಾಲ ಈ ಔಷಧಿ ಪಡೆದವರಲ್ಲಿ ಚಟ ಅಪರೂಪವೆಂದು 1980ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಐದು ವಾಕ್ಯಗಳ ಒಂದು ಪತ್ರವನ್ನೇ ಆಧಾರವೆಂಬಂತೆ ಎತ್ತಿ ಹಿಡಿಯಲಾಯಿತು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದಿತು. ಸೊಂಟನೋವಿಗೂ ಮಂಡಿನೋವಿಗೂ ತಿಂಗಳುಗಟ್ಟಲೆ ಬರೆದುಕೊಡಲಾಯಿತು. ಅದನ್ನು ತಯಾರಿಸಿದ ಪರ್ಡ್ಯೂ ಕಂಪನಿ 2007ರಲ್ಲಿಯೂ 2020ರಲ್ಲಿಯೂ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿತು. ಮಾತ್ರೆಯಿಂದ ಆರಂಭವಾಗಿ ಹೆರಾಯಿನ್, ಫೆಂಟಾನಿಲ್‌ವರೆಗೆ ಹಬ್ಬಿದ ಆ ಪಿಡುಗಿನಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಸೊಂಟ, ಮಂಡಿ, ಚಪ್ಪೆಯ ಬಹುಕಾಲದ ನೋವಿರುವ 240 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಫೀಮಿನ ಜಾತಿಯ ಔಷಧಿಗಳು ಸಾಮಾನ್ಯ ನೋವಿನ ಔಷಧಿಗಳಿಗಿಂತ ಮೇಲೆಂದು ಕಂಡುಬರಲಿಲ್ಲ. ಬೆನ್ನು ಬಾಗಿಸಿ ಸೊಪ್ಪು ಮುರಿದು ಸೊಂಟ ಹಿಡಿದವರು ಇದನ್ನು ತಿಳಿದಿರಬೇಕು. ಪೇಟೆಯಲ್ಲಿ ಸಲೀಸಾಗಿ ಸಿಗುತ್ತಿದ್ದ ಟ್ರಮಡಾಲ್ ಕೂಡ ಇದೇ ಜಾತಿಯದು. 2018ರಲ್ಲಿ ಅದನ್ನೂ ಮಾದಕವಸ್ತು ಕಾಯಿದೆಯಡಿ ತರಲಾಗಿದೆ. ನೆರೆಯವರಿಗೆ ಒಳ್ಳೆಯದಾಯಿತೆಂದು ಅವರ ಮಾತ್ರೆಯನ್ನು ಇವರು ನುಂಗುವುದು ಸಲ್ಲದು.

ಅಮೆರಿಕದವರು ಎರಡನೆಯ ತಪ್ಪನ್ನೂ ಮಾಡಿದರು. 2016ರಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆ ಎಚ್ಚರಿಕೆಯ ಮಾರ್ಗಸೂಚಿ ಹೊರಡಿಸಿದ್ದೇ ತಡ, ವರ್ಷಗಟ್ಟಲೆ ಮಾತ್ರೆಯ ಬಲದಲ್ಲಿ ನಡೆದಾಡುತ್ತಿದ್ದ ರೋಗಿಗಳಿಂದ ಅದನ್ನು ಅನೇಕ ವೈದ್ಯರು ಹಠಾತ್ತನೆ ಕಿತ್ತುಕೊಂಡರು. ಒಗ್ಗಿದ ದೇಹಗಳು ತತ್ತರಿಸಿದವು. ಹೀಗೆ ದಿಢೀರನೆ ನಿಲ್ಲಿಸುವುದರಿಂದ ತೀವ್ರ ಯಾತನೆ ಮಾತ್ರವಲ್ಲ, ಆತ್ಮಹತ್ಯೆಯೂ ಸಂಭವಿಸಬಹುದೆಂದು 2019ರಲ್ಲಿ ಅಲ್ಲಿನ ಔಷಧ ಆಡಳಿತವೇ ಎಚ್ಚರಿಸಬೇಕಾಯಿತು. 2022ರಲ್ಲಿ ಮಾರ್ಗಸೂಚಿಯನ್ನು ತಿದ್ದಲಾಯಿತು. ಒಗ್ಗಿಕೊಂಡವನಿಗೂ ಚಟಕ್ಕೆ ಬಿದ್ದವನಿಗೂ ಭೇದ ಕಾಣದೆ ಹೋದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಚಟಕ್ಕೆ ಬಿದ್ದವನೂ ರೋಗಿಯೇ, ಅವನಿಗೂ ಬೇಕಾದದ್ದು ಚಿಕಿತ್ಸೆ.

ನಮ್ಮ ಕಥೋಲಿಕ ಮನೆಗಳಲ್ಲಿ ಮತ್ತೊಂದು ಮಾತು ಕೇಳಿಬರುತ್ತದೆ. ಯೇಸುಸ್ವಾಮಿಯೇ ಶಿಲುಬೆಯ ಬಳಿ ರಸಗಂಧ ಬೆರೆಸಿದ ದ್ರಾಕ್ಷಾರಸವನ್ನು ಒಲ್ಲೆನೆಂದರು, ನಾವೂ ಸಹಿಸಬೇಕಲ್ಲವೇ ಎಂದು. ಸ್ವಾಮಿ ತಮಗಾಗಿ ಅದನ್ನು ಒಲ್ಲೆನೆಂದರು. ತಮ್ಮ ಬಳಿಗೆ ಬಂದ ಯಾವ ರೋಗಿಗೂ ಸಹಿಸಿಕೊಂಡಿರು ಎಂದು ಹೇಳಿ ಕಳುಹಿಸಿದ್ದನ್ನು ಶುಭಸಂದೇಶದಲ್ಲಿ ನಾವು ಕಾಣೆವು. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರಿಗೆ ಈ ಬಗ್ಗೆ ಸ್ಪಷ್ಟವಾಗಿ ಉತ್ತರಿಸಿದ್ದಾರೆ. ನೋವಿನ ಔಷಧಿಯನ್ನು ನಿರಾಕರಿಸಬೇಕೆಂಬ ಕರ್ತವ್ಯ ಯಾರಿಗೂ ಇಲ್ಲ. ಬೇರೆ ದಾರಿಯಿಲ್ಲದಿರುವಾಗ, ರೋಗಿಯ ಇತರ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರೆ, ಎಚ್ಚರ ಮಂಕಾದರೂ ಆಯುಷ್ಯ ಸ್ವಲ್ಪ ಕುಗ್ಗುವ ಸಂಭವವಿದ್ದರೂ ಅದನ್ನು ಕೊಡಬಹುದು. ಧರ್ಮೋಪದೇಶ ಗ್ರಂಥದ 2279ನೆಯ ಪರಿಚ್ಛೇದವೂ, ಎರಡನೆಯ ಜಾನ್ ಪೌಲರ 1995ರ ವಿಶ್ವಪತ್ರವೂ ಇದನ್ನೇ ಎತ್ತಿಹಿಡಿಯುತ್ತವೆ. ನೋವನ್ನು ದೇವರಿಗೆ ಅರ್ಪಿಸುವ ಭಕ್ತಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅರ್ಪಿಸುವವರು ನೋವುಣ್ಣುವವರೇ ಆಗಿರಬೇಕು. ಬೀಗದ ಕೈ ಹಿಡಿದ ಮಗ ಅಪ್ಪನ ಪರವಾಗಿ ಅಪ್ಪನ ನೋವನ್ನು ಅರ್ಪಿಸಲು ಬರುವುದಿಲ್ಲ.

ಬೀಗವೇ ಬೇಡವೆಂದು ಅಲ್ಲ. ಕುಡಿತದ ಅಥವಾ ಮತ್ತಾವುದೇ ಚಟವಿರುವವರು ಮನೆಯಲ್ಲಿದ್ದರೆ ಮಾತ್ರೆಗಳು ಅವರ ಕೈಗೆ ಸಿಗಬಾರದು. ರೋಗಿಗೇ ಅಂಥ ಹಿನ್ನೆಲೆಯಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಬೀಗವಿರಲಿ, ಗಂಟೆಗೆ ಸರಿಯಾಗಿ ತೆರೆಯುವ ಕೈಯೂ ಇರಲಿ.

ತಾಲ್ಲೂಕು ಕೇಂದ್ರಗಳ ಔಷಧಿ ಅಂಗಡಿಗಳಲ್ಲಿ ಮಾರ್ಫಿನ್ ಸುಲಭವಾಗಿ ದೊರೆಯುವ ವಸ್ತುವಲ್ಲ. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿ ಉಪಶಮನ ಆರೈಕೆಯನ್ನು ಕೈಗೊಂಡಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯೂ, 1999ರಿಂದ ಕರುಣಾಶ್ರಯವೂ ಇವೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯ ರೋಗಿಗೆ ಇವೆಲ್ಲ ದೂರವೇ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫಿನ್ ಮಾತ್ರೆಯೂ ಅದನ್ನು ಬರೆಯಲು ತರಬೇತಿ ಪಡೆದ ವೈದ್ಯರೂ ಸದಾ ಇರುವಂತೆ ನೋಡಿಕೊಳ್ಳಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ನಮ್ಮ ಧರ್ಮಕೇಂದ್ರಗಳ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಒಂದು ಕೆಲಸ ವಹಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಒಬ್ಬರು ಬಸ್ಸು ಹತ್ತಿ ಹೋಗಿ, ರೋಗಿಯ ಚೀಟಿ ತೋರಿಸಿ ಮಾತ್ರೆ ತಂದು ಮನೆಗೆ ಮುಟ್ಟಿಸುವುದು. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಎಣಿಸಿ ಅದೇ ಆಸ್ಪತ್ರೆಗೆ ಹಿಂದಿರುಗಿಸುವುದು.